ನೀರು ಬೇಡದ ಯಂತ್ರ

ಸನತ್‌ನಗರದ ಕೈಗಾರಿಕಾ ವಸಾಹತಿನಲ್ಲಿ, ನಟ್ಟು ಬೋಲ್ಟು ಮಾಡುವ ಒಂದು ಶೆಡ್ಡಿಗೂ ಬಣ್ಣದ ಡಬ್ಬಿ ತುಂಬುವ ಇನ್ನೊಂದು ಶೆಡ್ಡಿಗೂ ನಡುವೆ ಕಲ್ಯಾಣಪ್ಪನವರ ಕಾರ್ಖಾನೆ ಇತ್ತು. ಬೀದರಿನ ಕಡೆಯ ಬೇಳೆಕಾಳು ವ್ಯಾಪಾರಸ್ಥರ ಮನೆತನದವರಾದ ಕಲ್ಯಾಣಪ್ಪನವರಿಗೆ ಆಸ್ಪತ್ರೆಯ ಯಂತ್ರಗಳ ಹುಚ್ಚು ಹೇಗೆ ಹಿಡಿಯಿತೋ ದೇವರೇ ಬಲ್ಲ. ಮೊದಲು ರಕ್ತದೊತ್ತಡ ನೋಡುವ ಉಪಕರಣ ಮಾಡಿದರು. ಆಮೇಲೆ ಹೃದಯದ ಬಡಿತವನ್ನು ಕಾಗದದ ಮೇಲೆ ಬರೆಯುವ ಯಂತ್ರ ಮಾಡಿದರು. ಎಂಬತ್ತರ ದಶಕ ಹುಟ್ಟಿದ ಹೊಸದರಲ್ಲಿ, ಶಬ್ದದಿಂದ ಹೊಟ್ಟೆಯೊಳಗಿನ ಚಿತ್ರ ತೆಗೆಯುವ ಅಲ್ಟ್ರಾಸೌಂಡ್ ಯಂತ್ರಗಳು ಜಪಾನು ಜರ್ಮನಿಗಳಿಂದ ಹೈದರಾಬಾದಿನ ದೊಡ್ಡ ಆಸ್ಪತ್ರೆಗಳಿಗೆ ಬರತೊಡಗಿದವು. ಅದನ್ನು ಇಲ್ಲಿಯೇ ಮಾಡಿ ಸಣ್ಣ ಊರುಗಳ ನರ್ಸಿಂಗ್ ಹೋಮುಗಳಿಗೂ ಮುಟ್ಟಿಸಬೇಕೆಂದು ಕಲ್ಯಾಣಪ್ಪನವರು ಹಟ ಹಿಡಿದರು. ಆ ಹಟಕ್ಕೆ ಅವರಿಗೆ ದೊರೆತ ಮನುಷ್ಯ ಪ್ರಹ್ಲಾದ.

ಪ್ರಹ್ಲಾದ ಕುಷಾಯಿಗೂಡದ ಹತ್ತಿರದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಇಂಜಿನಿಯರನಾಗಿದ್ದವನು. ಅಲ್ಲಿ ಅವನ ಕೆಲಸಕ್ಕೆ ಕುಂದಿರಲಿಲ್ಲ. ಆದರೆ ತಾನು ಮಾಡಿದ್ದು ಯಾವ ಮನುಷ್ಯನ ಉಪಯೋಗಕ್ಕೆ ಬಂದಿತೆಂಬುದು ಎಂದೂ ಕಣ್ಣಿಗೆ ಬೀಳುತ್ತಿರಲಿಲ್ಲ. ಕಲ್ಯಾಣಪ್ಪನವರು ಕರೆದಾಗ ಪಿಂಚಣಿಯ ನೌಕರಿ ಬಿಟ್ಟು ಬಂದುಬಿಟ್ಟ. ಮನೆ ಮಾತ್ರ ಕುಷಾಯಿಗೂಡದಲ್ಲಿಯೇ ಉಳಿಯಿತು. ದಿನವೂ ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ಗೋಪೀಚಂದನ ಆರುವ ಮೊದಲೇ ಬಸ್ಸು ಹಿಡಿದು, ಊರಿನ ಈ ಕೊನೆಯಿಂದ ಆ ಕೊನೆಗೆ ಹೋಗುತ್ತಿದ್ದ.

ಆ ಯಂತ್ರದ ಮರ್ಮ ಹೇಳಲಾರದಂಥದ್ದೇನಲ್ಲ. ಕೈಯಲ್ಲಿ ಹಿಡಿಯುವ ಒಂದು ತುಂಡು, ಅದಕ್ಕೆ ಪ್ರೋಬ್ ಎನ್ನುತ್ತಾರೆ. ಅದರ ಬಾಯಲ್ಲಿ ಸಣ್ಣ ಸಣ್ಣ ಹರಳುಗಳ ಸಾಲು. ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಶಬ್ದವನ್ನು ಆ ಹರಳುಗಳು ಮೈಯೊಳಕ್ಕೆ ಕಳಿಸುತ್ತವೆ. ಒಳಗಿನ ಅಂಗಗಳಿಗೆ ತಾಗಿ ಮರಳುವ ಪ್ರತಿಧ್ವನಿಯನ್ನು ತಾವೇ ಕೇಳಿಸಿಕೊಳ್ಳುತ್ತವೆ. ತೊಡಕು ಇರುವುದು ಕೇಳಿಸಿಕೊಳ್ಳುವುದರಲ್ಲಿ. ಒಂದೇ ಪ್ರತಿಧ್ವನಿ ನಡುವಿನ ಹರಳಿಗೆ ಮೊದಲು ಮುಟ್ಟುತ್ತದೆ, ಅಂಚಿನ ಹರಳಿಗೆ ತುಸು ತಡವಾಗಿ. ಹಾಗೆಯೇ ಕೂಡಿಸಿದರೆ ಚಿತ್ರ ಕಲಸಿಹೋಗುತ್ತದೆ. ರಾಯರ ಮಠದಲ್ಲಿ ಭಜನೆ ನಡೆದಾಗ ಬಾಗಿಲ ಬಳಿ ಕುಳಿತವರ ದನಿ ಗರ್ಭಗುಡಿಯ ಮುಂದೆ ಕುಳಿತವರ ದನಿಗಿಂತ ಒಂದು ಎಳೆ ಹಿಂದೆ ಬೀಳುವುದನ್ನು ಪ್ರಹ್ಲಾದ ಎಷ್ಟೋ ಸಲ ಗಮನಿಸಿದ್ದ. ಮುಂದಿನವರು ಆ ಒಂದು ಎಳೆ ತಡೆದರೆ ಎಲ್ಲ ದನಿಯೂ ಒಂದಾಗುತ್ತದೆ. ಯಂತ್ರದಲ್ಲಿಯೂ ಮುಂಚೆ ಬಂದ ಪ್ರತಿಧ್ವನಿಯನ್ನು ತಡೆದು ನಿಲ್ಲಿಸಿ, ಹಿಂದೆ ಬಂದದ್ದರ ಜೊತೆಗೆ ಬೆರೆಸಬೇಕು. ಹಳೆಯ ಯಂತ್ರಗಳು ಈ ತಡೆಯನ್ನು ಒಂದೇ ಆಳಕ್ಕೆ ಕಟ್ಟಿಬಿಡುತ್ತಿದ್ದವು. ಆ ಆಳದಲ್ಲಿ ಚಿತ್ರ ಸ್ಪಷ್ಟ, ಅದರ ಮೇಲೂ ಕೆಳಗೂ ಮಬ್ಬು. ಶಬ್ದ ಆಳಕ್ಕೆ ಇಳಿದಂತೆಲ್ಲ ತಡೆಯೂ ತಾನಾಗಿ ಬದಲಾಗುವ ಹಾಗೆ ಪ್ರಹ್ಲಾದ ಹೊಸದೊಂದು ವಿದ್ಯುತ್ ಸರ್ಕಿಟನ್ನು ಕಟ್ಟಿದ. ಎರಡು ವರ್ಷ ಹಿಡಿಯಿತು. ಶೆಡ್ಡಿನ ಮೂಲೆಯಲ್ಲಿ ಮೀನಿನ ತೊಟ್ಟಿಯಂಥ ಗಾಜಿನ ತೊಟ್ಟಿಯೊಂದನ್ನಿಟ್ಟು, ನೀರು ತುಂಬಿ, ಅದರಲ್ಲಿ ನೈಲಾನ್ ದಾರಗಳನ್ನು ಅಡ್ಡಡ್ಡ ಬಿಗಿದು, ಪ್ರೋಬನ್ನು ನೀರಿಗೆ ತಾಗಿಸಿ ನೋಡುತ್ತಿದ್ದ. ಒಂದು ದಿನ ಮೇಲಿನ ದಾರದಿಂದ ತಳದ ದಾರದವರೆಗೆ ಎಲ್ಲವೂ ಸೂಜಿಮೊನೆಯ ಹಾಗೆ ಕಂಡವು. ಕಲ್ಯಾಣಪ್ಪನವರು ಪರದೆಯ ಮುಂದೆ ಬಹಳ ಹೊತ್ತು ನಿಂತಿದ್ದು, ಇದು ನಮ್ಮ ಶೆಡ್ಡಿನಾಗ ಆದದ್ದ ಹೌದಲ್ಲ ಎಂದು ಮತ್ತೆ ಮತ್ತೆ ಕೇಳಿದರು.

ಮನೆಯಲ್ಲಿ ಈ ಸಂಗತಿಯನ್ನು ಅವನು ಮೊದಲು ಹೇಳಿದ್ದು ಹೆಂಡತಿಗಲ್ಲ, ಅಕ್ಕನಿಗೆ.

ಅಕ್ಕ ಯಮುನಾಬಾಯಿ ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ಕೊಪ್ಪಳದಿಂದ ತವರಿಗೆ ಬಂದವಳು. ತಾಯಿ ತೀರಿದ ಮೇಲೆ ತಮ್ಮನನ್ನು ಬೆಳೆಸಿದವಳು. ಮನೆಯ ಹಿರಿಯರು ಗೊಣಗಿದರೂ ಕೇಳದೆ ಮೆಟ್ರಿಕ್ ಮುಗಿಸಿ ಹೈದರಾಬಾದಿನ ಟ್ರಂಕ್ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿ, ಅಲ್ಲಿಯೇ ನಿವೃತ್ತಿಯಾದವಳು. ಕನ್ನಡ, ತೆಲುಗು, ಉರ್ದು ಮೂರರಲ್ಲಿಯೂ ಬೈಯಬಲ್ಲವಳು, ಸಮಾಧಾನ ಹೇಳಬಲ್ಲವಳು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡೇ ಏಕಾದಶಿಗಳನ್ನೆಲ್ಲ ನಿರ್ಜಲವಾಗಿ ಕಳೆದವಳು. ಒಂದು ಹನಿ ನೀರೂ ಇಲ್ಲದೆ ಇಡೀ ಪಾಳಿ ಮಾತಾಡುವುದು ಹೇಗೆಂದು ಜೊತೆಯ ಹೆಂಗಸರು ಕೇಳಿದರೆ, ಮಾತಾಡುವವರು ಅತ್ತ ಕಡೆಯವರು, ನನ್ನದು ಬರೀ ಹಲೋ ಎನ್ನುತ್ತಿದ್ದಳಂತೆ.

ತಮ್ಮನ ವರ್ಣನೆಯನ್ನೆಲ್ಲ ಕೇಳಿ ಆಕೆ, "ಹಂಗಾದ್ರ ನಿನ್ನ ಮಷೀನೂ ನನ್ನಂಗ ಆಪರೇಟರ್ ಆತಲ್ಲೋ ಪಲ್ಲೂ. ಕೂಗಿ, ಯಾರು ಓ ಅಂತಾರ ಅಂತ ಕೇಳ್ಕೋತ ಕೂಡೂದು," ಎಂದು ನಕ್ಕಳು.

ಆ ಬೇಸಿಗೆಯಲ್ಲಿಯೇ ಯಮುನಾಬಾಯಿಯ ಊಟ ಕಡಿಮೆಯಾಯಿತು. ಎರಡು ತುತ್ತಿಗೆ ಹೊಟ್ಟೆ ಬಿಗಿದಂತಾಗುತ್ತದೆ ಎನ್ನುತ್ತಿದ್ದಳು. ಓಮದ ಕಾಳು ಅಗಿದಳು, ಇಂಗಿನ ನೀರು ಕುಡಿದಳು. ಪ್ರಹ್ಲಾದನ ಹೆಂಡತಿ ಮಂದಾಕಿನಿಯ ಕಣ್ಣು ಚುರುಕು. ಮುಖ ಇಳಿದಿದ್ದರೂ ಸೀರೆಯ ನೆರಿಗೆ ಸೊಂಟದಲ್ಲಿ ಬಿಗಿಯಾಗುತ್ತಿದೆಯೆಂದು ಅವಳು ಕಂಡುಹಿಡಿದಳು. ಡಾಕ್ಟರಿಗೆ ತೋರಿಸೋಣವೆಂದರೆ ಯಮುನಾಬಾಯಿ ಒಪ್ಪಲಿಲ್ಲ. ನೌಕರಿಯುದ್ದಕ್ಕೂ ಮೆಡಿಕಲ್ ರಜೆ ಹಾಕಿದವಳಲ್ಲ, ಈಗೇಕೆ ಅಪರಿಚಿತರ ಕೈಯಲ್ಲಿ ಹೊಟ್ಟೆ ಒತ್ತಿಸಿಕೊಳ್ಳಲಿ ಎಂಬುದು ಆಕೆಯ ವಾದ. ಮಂದಾಕಿನಿ ಬಿಡಲಿಲ್ಲ. ಕೊನೆಗೆ ಯಮುನಾಬಾಯಿ ಒಂದು ಮಾತಿಗೆ ಒಪ್ಪಿದಳು: ನೋಡುವುದಾದರೆ ಪಲ್ಲೂನ ಮಷೀನಿನಲ್ಲಿ ನೋಡಲಿ, ಬೇರೆ ಯಾವುದೂ ಬೇಡ.

ಪಲ್ಲೂನ ಮಷೀನು ಆಗ ಕೂಕಟ್‌ಪಲ್ಲಿಯ ಒಂದು ನರ್ಸಿಂಗ್ ಹೋಮಿನಲ್ಲಿ ಪರೀಕ್ಷೆಗೆ ಇತ್ತು. ಅಲ್ಲಿಯ ಡಾಕ್ಟರ್ ಶೋಭಾ ಗುಲ್ಬರ್ಗಾದ ಕಡೆಯವರು, ಸ್ಕ್ಯಾನಿಂಗಿನಲ್ಲಿ ಪಳಗಿದ ಕೈ. ಅವರು ದಿನವೂ ನೆಚ್ಚಿಕೊಂಡಿದ್ದ ಹಳೆಯ ಪರದೇಶದ ಯಂತ್ರದ ಪಕ್ಕದಲ್ಲಿಯೇ ಇದನ್ನೂ ಇರಿಸಿಕೊಂಡು, ಎರಡರ ಚಿತ್ರವನ್ನೂ ಹೋಲಿಸಿ ನೋಡುತ್ತಿದ್ದರು. ಆದರೆ ಮುಂಬಯಿಯಲ್ಲಿ ಡಾಕ್ಟರುಗಳ ದೊಡ್ಡ ಸಮ್ಮೇಳನವೊಂದಿತ್ತು. ಅಲ್ಲಿಯ ಪ್ರದರ್ಶನಕ್ಕೆ ಯಂತ್ರವನ್ನು ಒಯ್ಯಲು ಕಲ್ಯಾಣಪ್ಪನವರು ಲಾರಿ ಗೊತ್ತುಮಾಡಿದ್ದರು. ಲಾರಿ ಹೊರಡುವ ಹಿಂದಿನ ದಿನ ಮಾತ್ರ ಯಮುನಾಬಾಯಿಗೆ ಸಮಯ ಸಿಕ್ಕಿತು. ಅಂದು ಆಷಾಢದ ಪ್ರಥಮ ಏಕಾದಶಿ.

ಬೆಳಿಗ್ಗೆ ಅಕ್ಕ ತಮ್ಮ ಇಬ್ಬರೂ ಮಠಕ್ಕೆ ಹೋಗಿ ಕಾಯಿಸಿದ ಶಂಖ ಚಕ್ರಗಳ ತಪ್ತಮುದ್ರೆ ಹಾಕಿಸಿಕೊಂಡು, ಒಂದೇ ಒಂದು ಸಲ ತೀರ್ಥ ತೆಗೆದುಕೊಂಡು, ಅಲ್ಲಿಂದ ನೇರವಾಗಿ ಕೂಕಟ್‌ಪಲ್ಲಿಗೆ ಹೋದರು. ತೋಳಿನ ಮೇಲೆ ಮುದ್ರೆಯ ಉರಿ ಇನ್ನೂ ಆರಿರಲಿಲ್ಲ.

ನರ್ಸಿಂಗ್ ಹೋಮಿನಲ್ಲಿ ಹೊಟ್ಟೆಯ ಕೆಳಭಾಗ ನೋಡಿಸಿಕೊಳ್ಳಲು ಬಂದ ಹೆಂಗಸರೆಲ್ಲರಿಗೂ ಒಂದೇ ಕಟ್ಟಳೆ. ನರ್ಸು ಒಂದು ಜಗ್ಗು ನೀರು ತಂದಿಡುತ್ತಿದ್ದಳು. ಅಷ್ಟನ್ನೂ ಕುಡಿದು, ಮೂತ್ರ ತುಂಬಿ ತಡೆಯಲಾರದಷ್ಟು ಬಿಗಿಯಾದ ಮೇಲೆಯೇ ಒಳಗೆ ಬಿಡುವುದು. ಅದರ ಕಾರಣ ಪ್ರಹ್ಲಾದನಿಗೆ ಚೆನ್ನಾಗಿ ಗೊತ್ತಿತ್ತು. ಕರುಳಿನಲ್ಲಿ ಗಾಳಿ ಇರುತ್ತದೆ, ಶಬ್ದ ಗಾಳಿಯನ್ನು ದಾಟಲಾರದು. ಮೂತ್ರಕೋಶ ತುಂಬಿದರೆ ಕರುಳು ಮೇಲಕ್ಕೆ ಸರಿಯುತ್ತದೆ. ನೀರಿನ ಮೂಲಕ ಶಬ್ದ ಸರಾಗವಾಗಿ ಹರಿದು ಹಿಂದಿನ ಅಂಗಗಳನ್ನು ಮುಟ್ಟುತ್ತದೆ. ನೀರೇ ಅಲ್ಲಿ ಕಿಟಕಿ.

ನರ್ಸು ಯಮುನಾಬಾಯಿಯ ಮುಂದೆಯೂ ಜಗ್ಗು ಇಟ್ಟು, ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟು ಹೋದಳು. ಆಕೆ ಲೋಟವನ್ನು ಕೈಯಲ್ಲಿ ಹಿಡಿದು ತಮ್ಮನ ಮುಖ ನೋಡಿದಳು.

"ಪಲ್ಲೂ, ಕುಡೀಲೇನು? ಔಷಧಕ್ಕಾದ್ರ ದೋಷ ಇಲ್ಲಂತ ಆಚಾರ್ರು ಹೇಳ್ತಾರ. ದೇವರಿಗೆ ನಾ ಹೇಳ್ಕೋತೀನಿ."

ಆ ಒಂದು ಗಳಿಗೆಯಲ್ಲಿ ಪ್ರಹ್ಲಾದನ ಮನಸ್ಸಿನೊಳಗೆ ಏನೇನು ಹಾದುಹೋಯಿತೆಂದು ಮುಂದೆ ಅವನು ಎಷ್ಟೋ ಸಲ ಬಿಚ್ಚಿ ನೋಡಿಕೊಳ್ಳುವವನಿದ್ದ. ತನಗಾಗಿ ಹರೆಯವನ್ನೇ ಸವೆಸಿದ ಅಕ್ಕನಿಗೆ ಈ ವ್ರತವೊಂದೇ ತನ್ನದೆಂದು ಉಳಿದ ಆಸ್ತಿ, ಅದನ್ನು ತನ್ನ ಯಂತ್ರದ ಕಾಲಬುಡದಲ್ಲಿ ಕೆಡಿಸುವುದೇ ಎಂಬ ಕನಿಕರ ಒಂದು. ತಾಯಿಯ ಸಮಾನಳಾದವಳ ಮುಂದೆ ಮೂತ್ರದ ಮಾತು ಎತ್ತುವ ನಾಚಿಕೆ ಇನ್ನೊಂದು. ಅವೆರಡರ ಕೆಳಗೆ, ಸದ್ದಿಲ್ಲದೆ, ಮೂರನೆಯದೊಂದಿತ್ತು. ಬೇರೆ ಯಂತ್ರಕ್ಕೆ ಬೇಕಾದದ್ದು ತನ್ನ ಯಂತ್ರಕ್ಕೆ ಏಕೆ ಬೇಕು? ತೊಟ್ಟಿಯಲ್ಲಿ ತಳದ ದಾರವೂ ಸೂಜಿಯಂತೆ ಕಂಡಿರಲಿಲ್ಲವೇ? ಆ ತೊಟ್ಟಿಯ ತುಂಬ ಇದ್ದದ್ದು ನೀರೇ ಎಂಬುದು ಅವನಿಗೆ ಆಗ ಹೊಳೆಯಲಿಲ್ಲ.

ಅಕ್ಕನ ಕೈಯಿಂದ ಲೋಟ ತೆಗೆದು ಮೇಜಿನ ಮೇಲಿಟ್ಟ.

"ಬ್ಯಾಡ ಅಕ್ಕಾ. ನಮ್ಮ ಮಷೀನಿಗೆ ಅದು ಬೇಕಾಗಂಗಿಲ್ಲ."

ಯಮುನಾಬಾಯಿಯ ಮುಖ ಅರಳಿತು. ಉಪವಾಸ ಉಳಿಯಿತೆಂಬುದಕ್ಕಿಂತ, ತಮ್ಮನ ಯಂತ್ರ ಅಷ್ಟು ದೊಡ್ಡದೆಂಬುದಕ್ಕೆ ಆಕೆಗೆ ಸಂತೋಷವಾದಂತೆ ಕಂಡಿತು.

ಡಾಕ್ಟರ್ ಶೋಭಾ ಒಪ್ಪಲಿಲ್ಲ. ನೀರು ಕುಡಿಯದಿದ್ದರೆ ಕೆಳಗಿನದು ಕಾಣುವುದಿಲ್ಲ, ಇನ್ನೊಂದು ದಿನ ಬನ್ನಿ ಎಂದರು. ನಾಳೆ ಯಂತ್ರ ಮುಂಬಯಿಗೆ ಹೋಗುತ್ತದೆ, ಅಕ್ಕ ಬೇರೆ ಯಂತ್ರಕ್ಕೆ ಒಪ್ಪುವುದಿಲ್ಲ, ಒಮ್ಮೆ ನೋಡಿಬಿಡಿ ಎಂದು ಪ್ರಹ್ಲಾದ ಪಟ್ಟುಹಿಡಿದ. ಈ ಯಂತ್ರ ಎಷ್ಟು ಆಳಕ್ಕೆ ಹೋಗುತ್ತದೆಂದು ನಿಮಗೇ ಗೊತ್ತಿದೆಯಲ್ಲ ಎಂದ. ಅವರು ಮನಸ್ಸಿಲ್ಲದ ಮನಸ್ಸಿನಿಂದ ಪ್ರೋಬು ಕೈಗೆತ್ತಿಕೊಂಡರು.

ಮೇಲ್ಹೊಟ್ಟೆಯಲ್ಲಿ ಚಿತ್ರ ಅದ್ಭುತವಾಗಿ ಬಂತು. ಪಿತ್ತಕೋಶ ಪೇರಲ ಕಾಯಿಯ ಹಾಗೆ ದುಂಡಗೆ, ಯಕೃತ್ತಿನೊಳಗಿನ ನಾಳಗಳು ಮರದ ಕೊಂಬೆಗಳ ಹಾಗೆ ಬಿಡಿಬಿಡಿಯಾಗಿ ಕಂಡವು. ಶೋಭಾ ಮೈಮರೆತು, ಇಂಥಾದ್ದು ನಾ ನೋಡಿಲ್ಲ ಬಿಡ್ರಿ ಎಂದರು. ಪ್ರಹ್ಲಾದ ಅಕ್ಕನ ಕಡೆ ತಿರುಗಿ ನಕ್ಕ. ಪ್ರೋಬು ಕೆಳಕ್ಕಿಳಿದಂತೆ ಪರದೆಯ ಮೇಲೆ ಬೆಳ್ಳನೆಯ ಮಂಜು ಮುಸುಕಿತು. ಒತ್ತಿ ನೋಡಿದರು, ಓರೆ ಹಿಡಿದು ನೋಡಿದರು. ಪ್ರಹ್ಲಾದ ಯಂತ್ರದ ಗುಂಡಿಗಳನ್ನು ಹಿಂದೆ ಮುಂದೆ ತಿರುಗಿಸಿದ. ಮಂಜು ಹೆಚ್ಚಾಯಿತು, ಕಡಿಮೆಯಾಯಿತು, ಹೋಗಲಿಲ್ಲ. ಶೋಭಾ ಪ್ರೋಬು ಒರೆಸಿ ಇಟ್ಟು, ಮೇಲೆ ಎಲ್ಲ ಸರಿಯಿದೆ, ಕೆಳಗಿನದು ನನಗೆ ಕಂಡಿಲ್ಲ, ಬರುವ ವಾರ ನೀರು ಕುಡಿಸಿ ಕರೆತನ್ನಿ, ಹಳೆಯ ಯಂತ್ರದಲ್ಲಾದರೂ ನೋಡುತ್ತೇನೆ ಎಂದು ಸ್ಪಷ್ಟವಾಗಿ ಹೇಳಿದರು. ಈ ಮಾತು ನಡೆದದ್ದು ಇಂಗ್ಲಿಷಿನಲ್ಲಿ, ಅಕ್ಕ ಸೀರೆ ಸರಿಪಡಿಸಿಕೊಳ್ಳುತ್ತಿದ್ದಾಗ.

ಹೊರಗೆ ಬಂದ ಮೇಲೆ ಯಮುನಾಬಾಯಿ ಏನಂದರೆಂದು ಕೇಳಿದಳು. ಎಲ್ಲ ಛಲೋ ಇದೆಯಂತೆ, ಇನ್ನೊಮ್ಮೆ ಸುಮ್ಮನೆ ನೋಡಬೇಕಂತೆ ಎಂದು ಪ್ರಹ್ಲಾದ ಹೇಳಿದ. ಆ ಮಾತಿನಲ್ಲಿ ಆಕೆ ಮೊದಲರ್ಧವನ್ನು ಇಟ್ಟುಕೊಂಡಳು.

ಮುಂಬಯಿಯಲ್ಲಿ ಯಂತ್ರಕ್ಕೆ ಬಹಳ ಹೆಸರು ಬಂತು. ಪ್ರಹ್ಲಾದನ ತಲೆಯಲ್ಲಿ ಮಾತ್ರ ಆ ಬಿಳಿ ಮಂಜು ಕೂತುಬಿಟ್ಟಿತ್ತು. ಕರುಳಿನ ಗಾಳಿಯ ಮಾತು ಗೊತ್ತಿದ್ದೂ, ಅದು ತನ್ನ ಯಂತ್ರದ ದೋಷವೆಂದೇ ಅವನು ತಿಳಿದ. ಹರಳುಗಳು ಒಂದರ ದನಿಗೆ ಇನ್ನೊಂದು ಅದುರುತ್ತಿರಬೇಕು. ಅಥವಾ ಆಳದ ಪ್ರತಿಧ್ವನಿಯನ್ನು ದೊಡ್ಡದು ಮಾಡುವಲ್ಲಿ ಲೆಕ್ಕ ತಪ್ಪಿರಬೇಕು. ಯಂತ್ರ ತಿರುಗಿ ಬಂದ ಮೇಲೆ ಕೂಕಟ್‌ಪಲ್ಲಿಗೆ ಕಳಿಸದೆ ಶೆಡ್ಡಿನಲ್ಲಿಯೇ ಬಿಚ್ಚಿಕೊಂಡು ಕುಳಿತ. ತೊಟ್ಟಿಯಲ್ಲಿ ನೋಡಿದರೆ ಏನೂ ದೋಷವಿಲ್ಲ, ದಾರಗಳೆಲ್ಲ ಥಳಥಳ. ದೋಷ ಕಾಣದಿದ್ದುದರಿಂದಲೇ ಇನ್ನಷ್ಟು ಹುಡುಕಿದ. ಹರಳುಗಳ ನಡುವೆ ಹೊಸ ಅಂಟು ತುಂಬಿದ, ಆಳಕ್ಕೆ ತಕ್ಕಂತೆ ಕೆಲಸ ಮಾಡುವ ಹರಳುಗಳ ಸಂಖ್ಯೆಯೂ ಬದಲಾಗುವ ಹಾಗೆ ಮಾಡಿದ, ಬೂದುಬಣ್ಣದ ಛಾಯೆಗಳನ್ನು ನಾಲ್ಕು ಪಟ್ಟು ಹೆಚ್ಚಿಸಿದ. ಇಲ್ಲದ ದೋಷವನ್ನು ಹುಡುಕುತ್ತ ಹೋಗಿ ಯಂತ್ರವನ್ನು ನಿಜವಾಗಿಯೂ ಉತ್ತಮಪಡಿಸಿದ. ಇಂಜಿನಿಯರಿಂಗ್ ದೃಷ್ಟಿಯಿಂದ ಅವನ ಬದುಕಿನ ಅತಿ ಒಳ್ಳೆಯ ತಿಂಗಳುಗಳು ಅವು.

ಡಾಕ್ಟರು ಅಂದದ್ದನ್ನು ಪ್ರಹ್ಲಾದ ಮಂದಾಕಿನಿಗೆ ಮಾತ್ರ ಹೇಳಿದ್ದ. ಅವಳು ಎರಡು ಸಲ ನೆನಪು ಮಾಡಿದಳು. ಮೊದಲ ಸಲ, ಯಂತ್ರ ಬಿಚ್ಚಿದೆ, ಕೂಡಿಸಿದ ಕೂಡಲೇ ಕರೆದೊಯ್ಯುತ್ತೇನೆ ಎಂದ. ಎರಡನೆಯ ಸಲ ಅವಳು ಸ್ವಲ್ಪ ಬಿರುಸಾಗಿಯೇ ಕೇಳಿದಳು.

"ಊರಾಗ ನಿಮ್ಮದೊಂದ ಮಷೀನು ಅದ ಏನು? ಹಳೇದರಾಗ ನೋಡ್ತೀನಿ ಅಂದಿದ್ರಲ್ಲ ಆ ಡಾಕ್ಟ್ರು?"

ಆಗ ಯಮುನಾಬಾಯಿಯೇ ಒಳಗಿನಿಂದ, ಮನೆಯ ಬಾವಿ ಬಿಟ್ಟು ಪರರ ಬಾವಿಗೆ ಹಗ್ಗ ಒಯ್ಯುವವಳು ನಾನಲ್ಲ ಎಂದು ಮಾತು ಮುಗಿಸಿದಳು. ಮುಗಿದದ್ದು ಪ್ರಹ್ಲಾದನಿಗೂ ಹಗುರವೆನಿಸಿತು.

ಇನ್ನೊಂದು ಸಂಗತಿಯೂ ಕಣ್ಣಿಗೆ ಅಡ್ಡವಾಗಿ ನಿಂತಿತು. ಆ ಏಕಾದಶಿಯ ಮರುದಿನದಿಂದಲೇ ಚಾತುರ್ಮಾಸ್ಯ ಹಿಡಿದಿತ್ತು. ಮೊದಲ ತಿಂಗಳು ಕಾಯಿಪಲ್ಯವಿಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಯಿಲ್ಲ. ಯಮುನಾಬಾಯಿ ಎಲ್ಲವನ್ನೂ ನಿಷ್ಠೆಯಿಂದ ಪಾಲಿಸುವವಳು. ತಟ್ಟೆಯಲ್ಲಿ ಅನ್ನ ಉಳಿದರೆ ವ್ರತದ ಅಡಿಗೆ ಸೇರುವುದಿಲ್ಲವೆಂದರು. ಕೈ ಸೊರಗಿದರೆ ವ್ರತದ ಸೊರಗು ಎಂದರು. ಬೇರೆ ಮನೆಯಲ್ಲಾಗಿದ್ದರೆ ಯಾರಾದರೂ ಗಾಬರಿಯಾಗುತ್ತಿದ್ದರೇನೋ. ಆ ಮನೆಯಲ್ಲಿ ಹಿರಿಯ ವಿಧವೆ ಆ ನಾಲ್ಕು ತಿಂಗಳಲ್ಲಿ ಇಳಿಯುವುದು ವರ್ಷವರ್ಷದ ನೋಟ.

ದೀಪಾವಳಿಯ ಹೊತ್ತಿಗೆ ಆಕೆಯ ಹೊಟ್ಟೆ ಬಿಂದಿಗೆಯಾಯಿತು. ಆರತಿ ತೆಗೆದುಕೊಳ್ಳಲು ಮೇಲೇಳಹೋಗಿ ಗೋಡೆ ಹಿಡಿದು ನಿಂತಳು. ಮರುದಿನವೇ ಮೂವರೂ ಕೂಕಟ್‌ಪಲ್ಲಿಗೆ ಹೊರಟರು. ಹೊಸದಾಗಿ ಕೂಡಿಸಿದ ಯಂತ್ರ ಅಲ್ಲಿಗೆ ಬಂದು ಒಂದು ವಾರವಾಗಿತ್ತು. ನರ್ಸು ನೀರು ಕೊಟ್ಟಳು, ಯಮುನಾಬಾಯಿ ಗುಟುಕು ಗುಟುಕಾಗಿ ಕುಡಿದಳು.

ಶೋಭಾ ಪ್ರೋಬು ಇಟ್ಟ ಕೂಡಲೇ ಎಲ್ಲವೂ ಕಂಡಿತು. ಎಂದೂ ಬಾರದಷ್ಟು ಚೊಕ್ಕಟವಾದ ಚಿತ್ರ. ಹೊಟ್ಟೆಯ ತುಂಬ ಕಪ್ಪನೆಯ ನೀರು, ಆ ನೀರಿನಲ್ಲಿ ತೇಲುವ ಕರುಳಿನ ಸುರುಳಿಗಳು, ಕೆಳಗೆ ಅಂಡಾಶಯದ ಜಾಗದಲ್ಲಿ ತೆಂಗಿನಕಾಯಿಯ ಗಾತ್ರದ ಗಂಟು, ಅದರ ಒರಟು ಮೈ, ಒಳಗಿನ ಗೋಡೆಗಳು, ಗೋಡೆಗಳ ಮೇಲಿನ ಮೊಗ್ಗುಗಳು. ತಾನು ಹೆಚ್ಚಿಸಿದ ಒಂದೊಂದು ಛಾಯೆಯೂ ಆ ಗಂಟಿನಲ್ಲಿ ಎದ್ದು ಕಾಣುತ್ತಿತ್ತು. ಪ್ರಹ್ಲಾದ ಪರದೆಯಿಂದ ಕಣ್ಣು ತೆಗೆಯಲಾರದೆ ನಿಂತ. ಮಲಗಿದ್ದ ಯಮುನಾಬಾಯಿಯೇ ಕೇಳಿದಳು.

"ಕಂಡ್ತೇನು? ನಾ ಹೇಳಿದ್ದೆ, ಏನಿದ್ರೂ ನಮ್ಮ ಪಲ್ಲೂನ ಮಷೀನಿನಾಗ ಕಾಣ್ತದ ಅಂತ."

ಆಕೆಯನ್ನು ಹೊರಗೆ ಮಂದಾಕಿನಿಯ ಬಳಿ ಕೂರಿಸಿ ಪ್ರಹ್ಲಾದ ಒಳಗೆ ಬಂದ. ಬಾಗಿಲು ಹಾಕಿ ಶೋಭಾ ಅವರನ್ನು ನೇರವಾಗಿ ಕೇಳಿದ, ಆಷಾಢದಲ್ಲಿ ಇದು ಇತ್ತೇ ಎಂದು. ಹೇಳುವುದು ಕಷ್ಟವೆಂದು ಅವರು ತಪ್ಪಿಸಿಕೊಳ್ಳಲು ನೋಡಿದರು. ಅವನು ಬಿಡಲಿಲ್ಲ. ಆಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಷ್ಟಿರಲಿಲ್ಲ. ಒಂದು ಕಿತ್ತಳಿ ಹಣ್ಣಿನಷ್ಟು ಇದ್ದಿರಬೇಕು. ನೀರು ಕುಡ್ದಿದ್ರ ಈ ಹಳೇ ಮಷೀನಿನಾಗೂ ಹಿಡೀತಿದ್ದೆ ಪ್ರಹ್ಲಾದ್‌ರಾವ್. ಅಂಥಾವು ವಾರಕ್ಕೊಂದು ಹಿಡೀತೀನಿ."

ಆಗ ಹಿಡಿದಿದ್ದರೆ ಬದುಕುತ್ತಿದ್ದಳೇ ಎಂದು ಕೇಳಿದ್ದಕ್ಕೆ, ಅದನ್ನು ನಾನು ಹೇಳಲಾರೆ, ಒಂದು ಅವಕಾಶವಿತ್ತು, ಈಗ ಇಲ್ಲ ಎಂದರು. ಆಮೇಲೆ ತಮ್ಮ ಕಡೆಯ ಮಾತನ್ನೂ ಮುಚ್ಚಿಡಲಿಲ್ಲ. ಅಂದು ನಾನು ನೋಡಬಾರದಿತ್ತು, ನಿಮ್ಮ ಮಾತಿಗೆ ಕಟ್ಟುಬಿದ್ದೆ, ಅದು ನನ್ನ ಮನಸ್ಸಿನಲ್ಲಿ ಉಳಿಯುತ್ತದೆ ಎಂದರು. ಪ್ರಹ್ಲಾದ ಕೈ ಮುಗಿದು ಹೊರಬಂದ.

ದೊಡ್ಡ ಆಸ್ಪತ್ರೆಯಲ್ಲಿ ಹೊಟ್ಟೆ ತೆರೆದು ನೋಡಿ, ಕ್ಯಾನ್ಸರು ಹಬ್ಬಿದೆ, ತೆಗೆಯುವಂಥದ್ದಲ್ಲವೆಂದು ಹೊಲಿದು ಕಳಿಸಿದರು. ಯಮುನಾಬಾಯಿ ಮನೆಗೆ ಬಂದು, ದೇವರ ಕೋಣೆಯ ಬಾಗಿಲು ಕಾಣುವಂತೆ ಹಾಸಿಗೆ ಹಾಕಿಸಿಕೊಂಡಳು. ಆಕೆಯನ್ನು ನೋಡಲು ಬಂದವರು ಬಹಳ. ಕಾಚಿಗುಡದಿಂದ ನೆಂಟರು, ಮಠದ ಭಜನೆಯ ಹೆಂಗಸರು, ಎಕ್ಸ್‌ಚೇಂಜಿನ ಹಳೆಯ ಜೊತೆಗಾರ್ತಿಯರು. ಬಂದವರಿಗೆಲ್ಲ ಆಕೆ ತಪ್ಪದೆ ಒಂದು ಮಾತು ಹೇಳುತ್ತಿದ್ದಳು. ರೋಗದ ವಿಚಾರ ಮಾತಿಗೊಂದು ನೆಪ ಮಾತ್ರ. ಬೇರೆ ಯಾರಿಗೂ ತಿಳಿಯದ್ದು ತನ್ನ ತಮ್ಮನ ಮಷೀನಿನಲ್ಲಿ ತಿಳಿಯಿತು, ಪರದೇಶದವರೂ ಇಂಥದ್ದು ಮಾಡಿಲ್ಲವೆಂದು ಡಾಕ್ಟರೇ ಹೇಳಿದರು, ಅದನ್ನು ಮಾಡಿದ ಕೈಗೆ ಎಣ್ಣೆ ಹಚ್ಚಿ ಎರೆದವಳು ನಾನು ಎನ್ನುವುದು ಮುಖ್ಯ ಕಥೆ. ಕಲ್ಯಾಣಪ್ಪನವರು ಹಣ್ಣಿನ ಬುಟ್ಟಿ ಹಿಡಿದು ಬಂದಾಗ ಅವರ ಮುಂದೆಯೂ ಹೇಳಿದಳು. ಅವರು ಕಣ್ಣೊರೆಸಿಕೊಂಡು, "ಅಕ್ಕಾವ್ರ, ನಿಮ್ಮ ಆಶೀರ್ವಾದ ಐತಿ ಅಂತ ನಾವು ಈ ಧಂದಾ ಮಾಡಾಕತ್ತೀವಿರಿ," ಎಂದರು.

ಹೀಗೆ ಒಬ್ಬೊಬ್ಬರು ಬಂದು ಹೋದಾಗಲೂ ಪ್ರಹ್ಲಾದ ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದ. ದೇವರ ಮುಂದೆ ಕುಳಿತರೆ ಜಪ ಮುಂದೆ ಸಾಗುತ್ತಿರಲಿಲ್ಲ. ಹರಿಗೆ ಎಲ್ಲ ಗೊತ್ತಿದೆ, ಹೇಳುವುದೇನೂ ಉಳಿದಿಲ್ಲ; ಗೊತ್ತಿಲ್ಲದಿದ್ದುದು ಅಕ್ಕನಿಗೆ ಒಬ್ಬಳಿಗೇ. ಹೇಳುವುದು ಬೇಡವೆಂದು ಮಂದಾಕಿನಿ ಹೇಳಿದಳು. ಸಾಯುವವಳ ಕೈಯಿಂದ ಇದ್ದೊಂದು ಸಂತೋಷವನ್ನೂ ಕಿತ್ತುಕೊಂಡು ನಿಮ್ಮ ಭಾರ ಇಳಿಸಿಕೊಳ್ಳುತ್ತೀರಾ ಎಂದು ಕೇಳಿದಳು. ಅವಳ ಮಾತು ನ್ಯಾಯವೆಂದು ಅವನಿಗೂ ಅನಿಸಿತು. ಆದರೂ ಅಕ್ಕ ಇನ್ನೊಮ್ಮೆ ಅದೇ ಹೊಗಳಿಕೆಯನ್ನು ಪಕ್ಕದ ಮನೆಯ ತೆಲುಗು ಹೆಂಗಸಿಗೆ ತೆಲುಗಿನಲ್ಲಿ ಹೇಳುವುದನ್ನು ಕೇಳಿದ ದಿನ ಅವನಿಗೆ ತಡೆಯಲಾಗಲಿಲ್ಲ.

ಮಧ್ಯಾಹ್ನ. ಮಂದಾಕಿನಿ ಮಜ್ಜಿಗೆ ಕಡೆಯಲು ಹಿತ್ತಿಲ ಕಡೆ ಹೋಗಿದ್ದಳು. ಪ್ರಹ್ಲಾದ ಹಾಸಿಗೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದ. ನೀರು ಏಕೆ ಬೇಕಾಗಿತ್ತೆಂಬುದನ್ನು ಹೇಳಿದ. ಬೇಡವೆಂದು ತಾನು ಹೇಳಿದ್ದು ಸುಳ್ಳಲ್ಲವಾದರೂ ನಿಜವೂ ಅಲ್ಲವೆಂದು ಹೇಳಿದ. ಮತ್ತೆ ಕರೆತನ್ನಿ ಎಂದು ಡಾಕ್ಟರು ಅಂದದ್ದನ್ನು, ತಾನು ಯಂತ್ರ ಬಿಚ್ಚಿಕೊಂಡು ಕುಳಿತದ್ದನ್ನು, ಹಳೆಯ ಯಂತ್ರದಲ್ಲಿಯೂ ಕಾಣುತ್ತಿತ್ತೆಂಬುದನ್ನು ಹೇಳಿದ. ಹೇಳುವಾಗ ಅಕ್ಕನ ಮುಖ ನೋಡಲಿಲ್ಲ, ಚಾಪೆಯ ಅಂಚಿನ ಎಳೆಗಳನ್ನು ನೋಡುತ್ತಿದ್ದ.

ಯಮುನಾಬಾಯಿ ಎಲ್ಲವನ್ನೂ ಕೇಳಿಸಿಕೊಂಡಳು. ನಡುವೆ ಬಾಯಿ ಹಾಕಲಿಲ್ಲ. ಕೇಳಿಸಿಕೊಳ್ಳುವುದು ಆಕೆಗೆ ಹೊಸದಲ್ಲ. ಆಮೇಲೆ ಮೆಲ್ಲಗೆ ಹೇಳಿದಳು.

"ನಾ ಕುಡೀತಿದ್ದೆ ಪಲ್ಲೂ."

"ಗೊತ್ತದ ಅಕ್ಕಾ."

"ಲೋಟ ಕೈಯಾಗ ಇತ್ತು."

ಅವನು ತಲೆಯಾಡಿಸಿದ. ಆಕೆ ದೇವರ ಕೋಣೆಯ ಕಡೆ ನೋಡಿದಳು. ಆಮೇಲೆ ಏನೋ ಹೊಳೆದವಳಂತೆ, ಆತಂಕದಿಂದ ಕೇಳಿದಳು.

"ಮತ್ತ ಯಾರಿಗರೆ ಹಿಂಗ ಆಗಿರಬಹುದೇನು? ಬ್ಯಾರೆ ಹೆಣ್ಣುಮಕ್ಕಳು ಬರ್ತಿದ್ರಲ್ಲ ಅಲ್ಲೆ?"

ಇಲ್ಲವೆಂದ ಪ್ರಹ್ಲಾದ. ಬಂದವರಿಗೆಲ್ಲ ನರ್ಸು ನೀರು ಕುಡಿಸಿಯೇ ಒಳಗೆ ಕಳಿಸುತ್ತಿದ್ದಳು, ಯಾರೇ ಆಗಲಿ ಬಿಡುತ್ತಿರಲಿಲ್ಲ ಎಂದ.

"ಹಂಗಾದ್ರ ನನಗಷ್ಟ," ಎಂದಳು ಯಮುನಾಬಾಯಿ.

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಬೇರೆಯವರಿಗೆ ಆಗಲಿಲ್ಲವಲ್ಲ ಎಂಬ ನೆಮ್ಮದಿಯೂ ಅದರಲ್ಲಿ ಇತ್ತು. ಆದರೆ ಪ್ರಹ್ಲಾದ ಅದರಲ್ಲಿ ಬೇರೆಯದನ್ನು ಕೇಳಿಸಿಕೊಂಡ. ಗುರುತು ಪರಿಚಯವಿಲ್ಲದ ಯಾವಳೋ ಆಗಿದ್ದರೆ ಅವನು ಆ ಲೋಟವನ್ನು ಮುಟ್ಟುತ್ತಿರಲಿಲ್ಲ. ಇಡೀ ಊರಿನಲ್ಲಿ ಆ ಕಟ್ಟಳೆ ತಪ್ಪಿದ್ದು ಒಬ್ಬಳಿಗೆ, ಅವನ ಅಕ್ಕನೆಂಬ ಕಾರಣಕ್ಕೆ. ಕಾಲು ಹಿಡಿದುಕೊಳ್ಳಲು ಕೈ ಚಾಚಿದ. ಯಮುನಾಬಾಯಿ ಕಾಲು ಸರಿಸಿಕೊಂಡು, ಚಳಿಯಾಗುತ್ತದೆ, ಹೊದಿಕೆ ಮೇಲೆ ಎಳೆ ಎಂದಳು. ಅವನು ಎಳೆದ.

ಆಮೇಲೆ ಆಕೆ ಎರಡು ತಿಂಗಳ ಹತ್ತಿರ ಇದ್ದಳು. ತಮ್ಮನ ಮೇಲೆ ಮುನಿಸಿಕೊಳ್ಳಲಿಲ್ಲ. ಬೆಳಿಗ್ಗೆ ಅವನೇ ತೀರ್ಥ ಕೊಡಬೇಕು, ಅವನೇ ದಿಂಬು ಏರಿಸಬೇಕು. ಬಸ್ಸು ತಪ್ಪಿಸಿಕೊಂಡೀಯ ಹೋಗೋ ಎಂದು ಬೈಯುತ್ತಿದ್ದಳು. ಮಂದಾಕಿನಿಗೆ ಈ ಮಾತು ನಡೆದದ್ದೇ ತಿಳಿಯಲಿಲ್ಲ. ನೋಡಲು ಬರುವವರೂ ಬರುತ್ತಲೇ ಇದ್ದರು.

ಪುಷ್ಯದಲ್ಲಿ ಒಂದು ದಿನ ಎಕ್ಸ್‌ಚೇಂಜಿನ ಹಳೆಯ ಮೇಲ್ವಿಚಾರಕಿ ಪಾರ್ವತಿಬಾಯಿ ಬಂದರು. ನಡೆಯಲಾರದವರು, ರಿಕ್ಷಾ ಮಾಡಿಕೊಂಡು ಬಂದಿದ್ದರು. ಯಮುನಾಬಾಯಿಯ ಕೈ ಹಿಡಿದು ಕುಳಿತು ಆ ಕಡೆಯ ಈ ಕಡೆಯ ಮಾತಾಡಿ, ಕೊನೆಗೆ ಈ ರೋಗ ತಿಳಿದದ್ದು ಹೇಗೆ ಎಂದು ಕೇಳಿದರು. ಪ್ರಹ್ಲಾದ ಆಗ ಬಾಗಿಲಲ್ಲಿ ಔಷಧದ ಬಾಟಲಿ ಹಿಡಿದು ನಿಂತಿದ್ದ. ಈ ಸಲ ಅವನು ಅಂಗಳಕ್ಕೆ ಹೋಗಲಿಲ್ಲ. ಅಕ್ಕನ ಬಾಯಿಂದ ಆ ಹೊಗಳಿಕೆ ಇನ್ನೊಮ್ಮೆ ಬಂದೀತೆಂದು, ಬರಲೆಂದು, ಮೈಯೆಲ್ಲ ಕಿವಿಯಾಗಿ ನಿಂತ. ಹಿಂದೆ ಕೇಳಲಾರದೆ ಓಡಿಹೋಗುತ್ತಿದ್ದ ಮಾತು ಅದು.

"ಡಾಕ್ಟ್ರು ನೋಡಿ ಹೇಳಿದ್ರು," ಎಂದಳು ಯಮುನಾಬಾಯಿ. ಆಮೇಲೆ ಒಳಗಿನ ಕಡೆ ತಿರುಗಿ, ಪಾರ್ವತಿಬಾಯಿಯವರಿಗೆ ಸಕ್ಕರೆ ಕಡಿಮೆ ಹಾಕಿ ಕಾಫಿ ತಾ ಎಂದು ಮಂದಾಕಿನಿಗೆ ಕೂಗಿ ಹೇಳಿದಳು.

ಮಾಘದ ಮೊದಲ ವಾರದಲ್ಲಿ ಆಕೆ ತೀರಿಕೊಂಡಳು. ಅಲ್ಲಿಯವರೆಗೆ ಇನ್ನೂ ಎಷ್ಟೋ ಜನ ಬಂದರು, ಅದನ್ನೇ ಕೇಳಿದರು. ಅಷ್ಟು ಜನರ ಮುಂದೆಯೂ ಪ್ರಹ್ಲಾದ ಹಾಗೆಯೇ ಬಾಗಿಲಲ್ಲಿ ನಿಂತ. ಯಮುನಾಬಾಯಿ ತಮ್ಮನ ಬಗ್ಗೆ ಒಳ್ಳೆಯ ಮಾತುಗಳನ್ನೇ ಆಡಿದಳು. ನನ್ನನ್ನು ಕೂಸಿನ ಹಾಗೆ ನೋಡಿಕೊಳ್ಳುತ್ತಾನೆ ಎಂದಳು, ಹೊತ್ತು ಹೊತ್ತಿಗೆ ಔಷಧ ಕೊಡುತ್ತಾನೆ ಎಂದಳು. ಮಷೀನಿನ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ.